ಪೆಲ್ಲೆಯ ಎಲುಬಿನ ಗಾಳ

ಟಕ್!

ಟಿರಿಲ್ ದಾರವನ್ನು ಮೇಲಕ್ಕೆಳೆದಳು. ತುದಿಯಲ್ಲಿ ಅರ್ಧ ಗಾಳ ಮಾತ್ರ ನೇತಾಡುತ್ತಿತ್ತು. ಉಳಿದರ್ಧ ಮೀನಿನ ಜೊತೆ ಸಮುದ್ರದೊಳಗೆ ಹೋಗಿತ್ತು.

"ಹೋಯ್ತು!" ದೋಣಿಕಟ್ಟೆಯ ಮೇಲೆ ಕೂತಿದ್ದ ಸೀವರ್ಟ್ ಚಪ್ಪಾಳೆ ತಟ್ಟಿದ. "ಶಿಲಾಯುಗದೋರು ಪಾಪ, ಹಸ್ಕೊಂಡೇ ಸತ್ತಿರ್ಬೇಕು."

"ಅವ್ರೆಲ್ಲ ಸತ್ತಿದ್ರೆ ನೀನು ಎಲ್ಲಿಂದ ಬರ್ತಿದ್ದೆ?" ಅಂದಳು ಟಿರಿಲ್.

ಈ ವಾರವಿಡೀ ಕ್ಲಾಸಿನಲ್ಲಿ ಶಿಲಾಯುಗದ್ದೇ ಗಲಾಟೆ. ಶುಕ್ರವಾರ ದಡದಲ್ಲಿ ಬೆಂಕಿ ಹಾಕಿ, ಎಲ್ಲರೂ ಸೇರಿ ಮೀನಿನ ಸೂಪ್ ಮಾಡಬೇಕು. ಒಂದು ಗುಂಪಿಗೆ ಬೆಂಕಿಯ ಕೆಲಸ, ಇನ್ನೊಂದಕ್ಕೆ ಮಣ್ಣಿನ ಮಡಕೆಯದು. ಟಿರಿಲ್ ಮತ್ತು ಸೀವರ್ಟ್ ಪಾಲಿಗೆ ಬಂದದ್ದು ಮೀನು. ಅದನ್ನೂ ತಾವೇ ಎಲುಬಿನಲ್ಲಿ ಮಾಡಿದ ಗಾಳದಿಂದ ಹಿಡಿಯಬೇಕು.

ಟೀಚರ್ ಗುನ್‌ವೋರ್ ಮುರಿದ ಗಾಳವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಬೇಜಾರು ಮಾಡ್ಕೋಬೇಡ. ಅಂಗಡಿಯಿಂದ ಫ್ರೋಜನ್ ಮೀನಿನ ಪ್ಯಾಕೆಟ್ ತಂದಿಟ್ಟಿದೀನಿ. ಸೂಪ್‌ಗೆ ಅದನ್ನೇ ಹಾಕೋಣ."

"ಬೇಡ. ಪ್ಯಾಕೆಟ್ ಒಡೀಬೇಡಿ."

"ಮೀನು ಸಿಗ್ದಿದ್ರೆ?"

"ಸಿಗುತ್ತೆ."

ಗುನ್‌ವೋರ್ ನಕ್ಕರು. "ಸರಿ. ಶುಕ್ರವಾರ ಮಡಕೆ ನೀರು ಕುದಿಯೋವರೆಗೆ ಕಾಯ್ತೀನಿ. ಆಮೇಲೆ ಪ್ಯಾಕೆಟ್ಟೇ."

ಅವರು ಅತ್ತ ಹೋದ ಮೇಲೆ ಸೀವರ್ಟ್ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ನಮ್ಮಪ್ಪನ ಸ್ಟೀಲ್ ಗಾಳ ತರ್ತೀನಿ. ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲ!"

ಮನೆಯ ಮೆಟ್ಟಿಲ ಮೇಲೆ ಕೂತು ಟಿರಿಲ್ ಮುರಿದ ಚೂರನ್ನು ತಿರುಗಿಸಿ ನೋಡಿದಳು. ಮುರಿದ ಜಾಗ ಸೀಮೆಸುಣ್ಣದ ಹಾಗೆ ಪುಡಿಪುಡಿಯಾಗಿತ್ತು. ಭಾನುವಾರ ಅಜ್ಜಿ ಕುರಿಮಾಂಸ, ಎಲೆಕೋಸು ಹಾಕಿ ಬೇಯಿಸಿದ್ದಳಲ್ಲ, ಆ ಪಾತ್ರೆಯಿಂದ ತೆಗೆದ ಎಲುಬು ಅದು.

ಪಕ್ಕದಲ್ಲೇ ನಾಯಿ ಪೆಲ್ಲೆ ಕಟಕಟ ಎನ್ನುತ್ತ ಎಲ್ಕ್ ಜಿಂಕೆಯ ಕಾಲೆಲುಬನ್ನು ಕಡಿಯುತ್ತಿತ್ತು. ಅಪ್ಪ ಬೇಟೆಯಿಂದ ತಂದದ್ದು. ಎಷ್ಟೋ ದಿನದಿಂದ ಕಡಿಯುತ್ತಲೇ ಇದೆ, ಒಂದು ಚೂರೂ ಮುರಿದಿಲ್ಲ. ಮೇಲೆ ಬರೀ ಹಲ್ಲಿನ ಗುರುತು.

ಪೆಲ್ಲೆ ಕಡಿಯುವುದನ್ನೇ ಟಿರಿಲ್ ನೋಡುತ್ತ ಕೂತಳು. ತನ್ನದು ದಿನವಿಡೀ ಬೆಂದ ಎಲುಬು. ಪೆಲ್ಲೆಯದು ಹಸಿ ಎಲುಬು!

ಒಳಗೆ ಓಡಿ ಕಂದು ಚೀಸಿನ ದಪ್ಪ ತುಂಡೊಂದನ್ನು ತಂದಳು. ಪೆಲ್ಲೆ ಚೀಸ್ ಕಡೆ ಮೂಗು ಚಾಚಿತು. ಟಿರಿಲ್ ಎಲುಬಿನ ಕಡೆ ಕೈ ಚಾಚಿದಳು.

"ಅಯ್ಯೋ, ನಾಯಿ ಬಾಯಿಂದ ಕಿತ್ಕೋತೀಯಲ್ಲೇ!" ಕಿಟಕಿಯಿಂದ ಅಜ್ಜಿ ಕೂಗಿದಳು.

"ಕಿತ್ಕೊಂಡಿಲ್ಲ ಅಜ್ಜಿ. ಅದ್ಲುಬದ್ಲು."

ಅಜ್ಜಿ ಕೊಡಲಿ ತರಲು ಹೊರಟಾಗಲೂ ಟಿರಿಲ್ ಬೇಡವೆಂದಳು. ಕಲ್ಲಿನಿಂದಲೇ ಕುಟ್ಟಿ ಕುಟ್ಟಿ ಎಲುಬನ್ನು ಸೀಳಿದಳು. ಬೆರಳಗಲದ ಒಂದು ಚಪ್ಪಟೆ ಚೂರು ಸಿಕ್ಕಿತು. ಅದನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನೆನೆಹಾಕಿದಳು. ನೆನೆದ ಎಲುಬನ್ನು ಕಲ್ಲಿನಿಂದ ಕೊರೆಯುವುದು ಸ್ವಲ್ಪ ಸುಲಭ.

ಗಾಳ ಬಾಗಬೇಕಾದ ಜಾಗದಲ್ಲಿ ಚಕಮಕಿ ಕಲ್ಲಿನ ಚೂಪು ಚೂರನ್ನು ಊರಿ ತಿರುಗಿಸಿದಳು. ತಿರುಗಿಸಿದಳು, ತಿರುಗಿಸುತ್ತಲೇ ಇದ್ದಳು. ಕೊನೆಗೂ ತೂತು ಬಿತ್ತು. ತೂತಿನಿಂದ ಮೇಲಕ್ಕೆ ಎರಡೂ ಬದಿ ಗರಗರ ಕೊಯ್ದಾಗ ನಡುವಿನ ತುಂಡು ಕಳಚಿ ಬಿದ್ದು, ಕೊಕ್ಕೆಯ ಆಕಾರ ಉಳಿಯಿತು. ಆಮೇಲೆ ಮರಳುಗಲ್ಲಿನ ಮೇಲೆ ನೀರು ಹಾಕಿ ಉಜ್ಜಿ ತುದಿ ಚೂಪು ಮಾಡಿದಳು. ತಲೆಯ ಕಡೆ ದಾರ ಕಟ್ಟಲು ಒಂದು ಕಚ್ಚು ಮಾಡಿದಳು. ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು.

ಗುರುವಾರ ಗಾಳಕ್ಕೆ ಸಮುದ್ರದ ಚಿಪ್ಪಿನೊಳಗಿನ ಮೃದುವಾದ ಮಾಂಸ ಸುತ್ತಿ ಕಟ್ಟಿ, ದೋಣಿಕಟ್ಟೆಯಿಂದ ಇಳಿಬಿಟ್ಟಳು. ಮೀನು ಕಚ್ಚಿತು. ಟಿರಿಲ್ ದಾರವನ್ನು ಸರ್ರನೆ ಜಗ್ಗಿದಳು. ಈ ಕೊಲ್ಲಿಯ ಮಕ್ಕಳು ನಡೆಯಲು ಕಲಿಯುವ ಮೊದಲೇ ಹಾಗೆ ಜಗ್ಗಲು ಕಲಿತಿರುತ್ತಾರೆ.

ಗಾಳ ಮುರಿಯದೆ ಮೇಲೆ ಬಂತು. ಮೀನು ಬರಲಿಲ್ಲ.

"ಮುಳ್ಳಿಲ್ಲ ಕಣೇ ಅದಕ್ಕೆ!" ಅಂದ ಸೀವರ್ಟ್. "ಸ್ಟೀಲ್ ಗಾಳದ ತುದೀಲಿ ಹಿಂದಕ್ಕೆ ಬಾಗಿದ ಮುಳ್ಳಿರುತ್ತೆ, ಮೀನು ಬಿಡಿಸ್ಕೊಳ್ಳೋಕಾಗಲ್ಲ. ನಿಂದು ಬರೀ ಕೊಕ್ಕೆ. ಕೋಟು ನೇತುಹಾಕೋಕೆ ಚೆನ್ನಾಗಿದೆ."

"ನಿನ್ನ ಕೋಟೇ ನೇತುಹಾಕ್ತೀನಿ, ನೀನು ಒಳಗಿರುವಾಗ್ಲೇ."

ಟಿರಿಲ್ ನೇರ ಮನೆಗೆ ಬಂದಳು. ಬಾಗಿಲ ಹಿಡಿಗೆ ಉಣ್ಣೆಯ ಕೈಗವಸು ಕಟ್ಟಿದಳು. ಗವಸೇ ಈಗ ಮೀನು. ಗಾಳ ಸಿಕ್ಕಿಸಿ ಜಗ್ಗಿದಳು. ಜಾರಿ ಬಂತು. ದಾರ ಸಡಿಲ ಬಿಟ್ಟಳು. ಕಳಚಿ ಬಿತ್ತು. ಮೂರನೆಯ ಸಲ ಜಗ್ಗಲಿಲ್ಲ, ಸಡಿಲವನ್ನೂ ಬಿಡಲಿಲ್ಲ, ನಿಧಾನವಾಗಿ ಒಂದೇ ಸಮ ಎಳೆದಳು. ಗಾಳ ತಾನೇ ತಿರುಗಿ ಉಣ್ಣೆಯೊಳಗೆ ಇಳಿಯಿತು. ಎಳೆದಷ್ಟೂ ಇಳಿಯಿತು.

"ಹೊಸ ಗವಸು ಅದು!" ಅಂದಳು ಅಜ್ಜಿ.

ಶುಕ್ರವಾರ ದಡದ ತುಂಬ ಹೊಗೆ. ಮಡಕೆಯ ನೀರಿನಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದ್ದವು. ಗುನ್‌ವೋರ್ ಪ್ಯಾಕೆಟ್ ಹೊರತೆಗೆದು ಬಂಡೆಯ ಮೇಲಿಟ್ಟರು.

ಅಷ್ಟರಲ್ಲಿ, ದೋಣಿಕಟ್ಟೆಯಿಂದ ಗಾಳ ಇಳಿಬಿಟ್ಟಿದ್ದ ಟಿರಿಲ್‌ಳ ಬೆರಳಿಗೆ ದಾರದ ಮೂಲಕ ಟುಕ್ಕೆಂದು ಏನೋ ತಗಲಿತು.

"ಕಚ್ಚಿತು! ಜಗ್ಗು!" ಸೀವರ್ಟ್ ಕಿರುಚಿದ. ಇಡೀ ಕ್ಲಾಸು ಓಡಿ ಬಂತು. "ಜಗ್ಗು! ಜಗ್ಗು!"

ಅವಳ ಮೊಣಕೈ ತಾನಾಗಿಯೇ ಮೇಲೇಳಲು ನೋಡಿತು. ಟಿರಿಲ್ ಅದನ್ನು ಪಕ್ಕೆಗೆ ಒತ್ತಿ ಹಿಡಿದಳು. ಮೀನು ನುಂಗಲಿ.

"ಹೋಗ್ಬಿಡುತ್ತೆ ಕಣೇ! ಜಗ್ಗೇ!"

"ಜಗ್ಗಲ್ಲ!"

ದಾರ ಬಿಗಿಯಾಯಿತು. ಒಂದು ಕೈಯ ಹಿಂದೆ ಇನ್ನೊಂದು ಕೈ ಇಟ್ಟು ಅವಳು ನಿಧಾನವಾಗಿ ಎಳೆಯತೊಡಗಿದಳು. ಮೀನು ಅತ್ತ ಎಳೆದಾಗ ಅವಳ ಕೈಯೂ ಅತ್ತ ಹೋಯಿತು, ಆದರೆ ದಾರ ಒಮ್ಮೆಯೂ ಸಡಿಲವಾಗಲಿಲ್ಲ. ನೀರಿನೊಳಗೆ ಏನೋ ಕಂದಾಗಿ ಹೊಳೆಯಿತು. ಸೀವರ್ಟ್ ಬೋರಲು ಮಲಗಿ, ಕೈಬಲೆ ಚಾಚಿ, ಎತ್ತಿದ. ಕಾಡ್ ಮೀನು! ದೋಣಿಕಟ್ಟೆಯ ಹಲಗೆಯ ಮೇಲೆ ಪಟಪಟ ಬಡಿಯಿತು.

ಯಾರೂ ಏನೂ ಹೇಳುವ ಮೊದಲೇ ಗುನ್‌ವೋರ್ ಪ್ಯಾಕೆಟ್ಟನ್ನು ಚೀಲದೊಳಗೆ ವಾಪಸು ಹಾಕಿದರು.

ಸೂಪ್ ತೆಳ್ಳಗಿತ್ತು. ಒಬ್ಬೊಬ್ಬರಿಗೆ ಸಿಕ್ಕಿದ್ದು ಚಿಕ್ಕ ಚೂರು. ಆದರೂ ಎಲ್ಲರೂ ಬಟ್ಟಲು ನೆಕ್ಕಿದರು.

"ನಂಗೂ ಒಂದ್ಸಲ ಕೊಡೇ," ಸೀವರ್ಟ್ ಮೆಲ್ಲಗೆ ಕೇಳಿದ.

ಟಿರಿಲ್ ದಾರವನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ದಾರ ಅಲುಗಿತು. ಸೀವರ್ಟ್‌ನ ಮೊಣಕೈ ಮೇಲೆದ್ದಿತು. ಟಿರಿಲ್ ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟಳು. ಅವನ ಕೈ ನಿಂತಿತು.

ಪಾಠದ ಪುಸ್ತಕದಲ್ಲಿ ಹಳೆಯ ಗಾಳದ ಚಿತ್ರವಿತ್ತು. ಮಣ್ಣಿನಲ್ಲಿ ಸಿಕ್ಕಿದ್ದು ಗಾಳ ಅಷ್ಟೇ. ಅದನ್ನು ಹಿಡಿದ ಕೈ ಸಿಕ್ಕಿರಲಿಲ್ಲ. ಆ ಕಾಲದಲ್ಲೂ ಇದೇ ದಡದಲ್ಲಿ ಯಾರೋ ಒಬ್ಬಳು ಇನ್ನೊಬ್ಬರ ಮಣಿಕಟ್ಟಿನ ಮೇಲೆ ಹೀಗೇ ಬೆರಳಿಟ್ಟಿರಬೇಕು.

ದಾರ ಮತ್ತೆ ಬಿಗಿಯಾಯಿತು.

"ಈಗ," ಅಂದಳು ಟಿರಿಲ್. "ನಿಧಾನಕ್ಕೆ."