ಗ್ಯಾರೇಜ್ ದಾಟಿದ ಕೂಡಲೇ ಎಳೆಯುವ ಕಾರು

"ಕಾರು ಎಡಕ್ಕೆ ಎಳೆಯೋದು ಎಲ್ಲಿ?"

"ನಿಮ್ಮ ಗ್ಯಾರೇಜ್ ದಾಟಿದ ಕೂಡಲೇ... ಆ ಕಾಂಪೌಂಡ್ ಗೋಡೆ ಹತ್ತಿರ."

"ಬೇರೆಲ್ಲೂ ಇಲ್ವಾ?"

"ಇಲ್ಲ. ಅಲ್ಲಿ ಮಾತ್ರ."

ಅಪ್ಪನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಅವಳು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟಳು.

ಎದುರಿಗಿದ್ದವನು ಪಕ್ಕದ ಬೀದಿಯ ಕೇಕ್ ಅಂಗಡಿಯವನು. ಸಾಕ್ಷಿಗೆಂದು ಒಂದು ಡಬ್ಬವನ್ನೂ ತಂದಿದ್ದ. ಒಳಗಿದ್ದ ಬಿಳಿ ಕೇಕ್ ಒಂದು ಮೂಲೆಗೆ ಮುಖ ಜಜ್ಜಿಕೊಂಡು ಕೂತಿತ್ತು.

ಕೇಕ್ ಅಲುಗಬಾರದೆಂದು ಸೈಕಲ್ಲಿಗೂ ದಾರಿ ಬಿಡುವ ಆಸಾಮಿ ಇವನು. ಗೇಟಿನ ಮುಂದೆ ಅವನ ಕಾರು ತೆವಳಿಕೊಂಡು ಹೋಗುವುದನ್ನು ಅವಳು ದಿನಾ ನೋಡುತ್ತಿದ್ದಳು. ನೋಡುವುದೇ ಇಲ್ಲ ಎಂದು ಅಪ್ಪನ ಹತ್ತಿರ ವಾದಿಸುತ್ತಿದ್ದಳು, ಅದು ಬೇರೆ ಮಾತು.

ಅವಳು ಕೆಲಸಕ್ಕಿಳಿದಳು. ಟೈರಿನ ಗಾಳಿ ಸರಿಯಿತ್ತು, ಅಲೈನ್‌ಮೆಂಟ್ ಸರಿಯಿತ್ತು. ಬೀದಿ ತುದಿಯವರೆಗೆ ಮೆಲ್ಲಗೆ ಓಡಿಸಿದರೆ ಕಾರು ನೆಟ್ಟಗೆ ಹೋಯಿತು.

ಮೆಕ್ಯಾನಿಕ್ ಹುಡುಗಿ ಎಂದು ಕಾರಿಗೆ ಇಲ್ಲದ ಕಾಯಿಲೆ ಕಟ್ಟಿಕೊಂಡು ಬರುವ ಗಂಡಸರನ್ನು ಅವಳು ಬೇಕಾದಷ್ಟು ಕಂಡಿದ್ದಳು. 'ಇವನೂ ಅಂಥವನೇನಾ? ಇಷ್ಟು ದಿನ ನಾನು ಕಾದಿದ್ದು ಇಂಥವನಿಗಾ?' ಬಾನೆಟ್ಟನ್ನು ದಢಾರನೆ ಮುಚ್ಚಿದಳು.

"ಕಾರಿಗೇನೂ ಆಗಿಲ್ಲ. ನೆಪ ಹುಡುಕಿಕೊಂಡು ಬರೋರಿಗೆ ಇಲ್ಲಿ ಕೆಲಸ ಇಲ್ಲ."

ಅವನು ಕೇಕನ್ನೂ ಕಾರನ್ನೂ ಅಲ್ಲೇ ಬಿಟ್ಟು, ನಡೆದೇ ಹೊರಟುಹೋದ.

"ಪಾಪ, ಬೈದು ಕಳಿಸಿದ್ಯಾ?" ಪಕ್ಕದ ಕಾರಿನಡಿ ಮಲಗಿದ್ದ ಅಪ್ಪನ ಧ್ವನಿ. ಕಾಣುತ್ತಿದ್ದುದು ಅವರ ಕಾಲು ಮಾತ್ರ.

"ನೀವು ಸುಮ್ನಿರಿ ಅಪ್ಪಾ."

ಡಬ್ಬ ಮುಚ್ಚಲು ಹೋದವಳು ಹಾಗೇ ನಿಂತಳು. ಕಾರಿನಲ್ಲಿ ಯಾವ ದಿಕ್ಕಿಗೆ ಇಡಬೇಕೆಂದು ತಿಳಿಯಲು ಡಬ್ಬದ ಒಂದು ಬದಿಗೆ 'ಮುಂದೆ' ಎಂದು ಚೀಟಿ ಅಂಟಿಸಿತ್ತು. ಕೇಕ್ ಬಲಕ್ಕಷ್ಟೇ ಅಲ್ಲ, ಹಿಂದಕ್ಕೂ ಜಾರಿತ್ತು. ಅಂದರೆ ಕಾರು ಎಡಕ್ಕೆ ತಿರುಗಿದಾಗ ಮುಂದಕ್ಕೂ ಚಿಮ್ಮಿತ್ತು...

ಅವಳು ಮತ್ತೆ ಕಾರು ಹತ್ತಿದಳು. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಳು. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡಂತೆ ಕಾರು ಎಡಕ್ಕೆ ವಾಲಿತು. ಕಾಲು ತೆಗೆದರೆ ತೆಪ್ಪಗಾಯಿತು.

ಜಾಕ್ ಹಾಕಿ ನೋಡಿದಳು. ಮುಂದಿನ ಎಡ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಹರಿದುಹೋಗಿತ್ತು. ಈ ಕಾರನ್ನು ಎಳೆಯುವುದೇ ಮುಂದಿನ ಚಕ್ರಗಳು. ಮೆಲ್ಲಗೆ ಹೋದರೆ ಏನೂ ಗೊತ್ತಾಗದು. ಜೋರಾಗಿ ತುಳಿದರೆ ಆ ಚಕ್ರ ಜಾಗ ಬಿಡುತ್ತಿತ್ತು.

ಅವನು ಹೇಳಿದ್ದು ನಿಜ. ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. 'ಹಾಗಾದ್ರೆ ಅವರು ಬಂದಿದ್ದು ಬರೀ ಕಾರಿಗೋಸ್ಕರ... ಈಗ ಅದಕ್ಕೂ ಬರಲ್ಲ.'

ಮರುದಿನ ಅಪ್ಪನೇ ಫೋನ್ ಮಾಡಿ ಅವನನ್ನು ಕರೆಸಿದರು.

"ತಪ್ಪು ನನ್ನದು. ಬುಷ್ ಹೋಗಿತ್ತು, ಹೊಸದು ಹಾಕಿದೀನಿ," ಎಂದಳು ನೆಲ ನೋಡುತ್ತ. ಕೀ ಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಒಂದು ಮಾತು. ಜೋರಾಗಿ ತುಳಿದ್ರೆ ಮಾತ್ರ ಅದು ಎಳೀತಿತ್ತು. ಸೈಕಲ್ಲಿಗೂ ದಾರಿ ಬಿಡೋ ನೀವು ಆ ಗೋಡೆ ಹತ್ತಿರ ಯಾಕೆ ಅಷ್ಟು ಜೋರಾಗಿ ತುಳೀತೀರಿ?"

ಅವನು ಇಂಗು ತಿಂದ ಮಂಗನಂತಾದ.

"ದಿನಾ ನಿಲ್ಲಿಸಿ ಮಾತಾಡಿಸೋಣ ಅಂತಲೇ ಬರ್ತೀನಿ... ಗೇಟ್ ಹತ್ತಿರ ನೀವು ಕಾಣ್ತೀರಿ. ಧೈರ್ಯ ಸಾಲಲ್ಲ. ಗೇಟ್ ದಾಟಿದ್ದೇ ಓಡಿಬಿಡ್ತೀನಿ."

"ಮತ್ತೆ ಕೇಕ್ ಗತಿ?"

"ಅದು ನೆನಪಾಗೋದು ಮುಂದಿನ ತಿರುವಲ್ಲಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣೂ ತುಂಬಿಬಂತು. ಪಕ್ಕದ ಕಾರಿನಡಿ ಸ್ಪ್ಯಾನರ್ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು.

"ಈಗ ಕಾರು ಸರಿಹೋಯ್ತು," ಎಂದ ಅವನು ಸಣ್ಣಗೆ. "ಇನ್ನು ಬರೋಕೆ ನೆಪವೂ ಇಲ್ಲ."

"ನಾಳೆ ಗೇಟ್ ಹತ್ತಿರ ಆಕ್ಸಿಲರೇಟರ್ ಮುಟ್ಟಬೇಡಿ. ಬ್ರೇಕ್ ಒತ್ತಿ."

"ಬ್ರೇಕ್ ಚೆನ್ನಾಗಿದೆ, ನಾನೇ ನೋಡಿದೀನಿ," ಎಂದರು ಕಾರಿನಡಿಯಿಂದ ಅಪ್ಪ.

"ಒತ್ತಿ... ಆಮೇಲೆ?"

ಅವಳು ಕೀಯನ್ನು ಅವನ ಅಂಗೈಯಲ್ಲಿಟ್ಟಳು. ಕೈ ಮಾತ್ರ ತೆಗೆಯಲಿಲ್ಲ.

"ಇಳಿದು ಬನ್ನಿ. ನಾನೂ ದಿನಾ ಅದಕ್ಕೇ ಕಾಯ್ತಿದ್ದೆ."