ಹಸಿರು ಲಾರಿಯ ಹಿಂಬಾಗಿಲು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸಿನ ಹೆಗಲಲ್ಲಿ ಪ್ರಯಾಣದ ಚೀಲ ಇನ್ನೂ ನೇತಾಡುತ್ತಿತ್ತು. ಬಸ್ಸಿಳಿದು ಮನೆಯೊಳಗೆ ಕಾಲಿಡದೆ ನೇರ ಇಲ್ಲಿಗೇ ಬಂದಿದ್ದಳು.

"ನನ್ನ ಲಾರಿ ಬಾಗಿಲು ಕಳ್ತನ ಆಗಿದೆ" ಎಂದಳು.

ದಫೇದಾರರು ಪೆನ್ನು ತೆಗೆದರು. "ಲಾರಿ?"

"ಲಾರಿ ಇದೆ. ಬಾಗಿಲಿಲ್ಲ. ಹಿಂದಿಂದು, ಮೇಲಕ್ಕೆ ಎತ್ತೋದು."

"ಹೇಗಿತ್ತು ಬಾಗಿಲು?"

"ನಜ್ಜುಗುಜ್ಜಾಗಿತ್ತು. ಹಗ್ಗದಲ್ಲಿ ಕಟ್ಟಿದ್ದೆ."

ದಫೇದಾರರು ಪೆನ್ನು ಕೆಳಗಿಟ್ಟರು. "ನಜ್ಜುಗುಜ್ಜಾದ ಬಾಗಿಲನ್ನ ಯಾರಮ್ಮ ಕದೀತಾರೆ?"

"ಅದನ್ನ ನೀವು ಹೇಳ್ಬೇಕು ಸಾರ್."

ಒಳಗಿನ ಕೋಣೆಯಿಂದ ಇದನ್ನು ಕೇಳಿಸಿಕೊಳ್ಳುತ್ತಿದ್ದ ಇನ್ಸ್‌ಪೆಕ್ಟರ್ ಅವಳನ್ನು ಕರೆದು ಕೂರಿಸಿದರು. ಮನೆ ಬದಲಿಸುವವರ ಸಾಮಾನು ಸಾಗಿಸುವುದು ಅವಳ ಕಸುಬು. ಲಾರಿ ಹಳೆಯದು. ಅದನ್ನು ತಯಾರಿಸಿದ ಕಂಪನಿಯೇ ಕಣ್ಮುಚ್ಚಿ ಬಹಳ ಕಾಲವಾಗಿತ್ತು. ಕಳೆದ ತಿಂಗಳು ನಿಂತಿದ್ದ ಗಾಡಿಯ ಹಿಂಬದಿಗೆ ಯಾರೋ ಗುದ್ದಿ ಹೋಗಿದ್ದರಂತೆ. ಬಾಗಿಲು ಒಳಕ್ಕೆ ಕುಸಿದು, ಚಿಲಕ ಕಿತ್ತು, ಎಷ್ಟು ಒತ್ತಿದರೂ ಒಂದು ಗೇಣು ಬಾಯಿಬಿಟ್ಟುಕೊಂಡೇ ಇರುತ್ತಿತ್ತು. ಹೋದ ಗ್ಯಾರೇಜಿನಲ್ಲೆಲ್ಲ ಒಂದೇ ಮಾತು: ಈ ಮಾಡೆಲ್ಲಿನ ಬಾಗಿಲು ಸಿಗುವುದಿಲ್ಲ, ಗಾಡಿಯನ್ನೇ ಗುಜರಿಗೆ ಹಾಕಿ. ಅವಳು ಹಗ್ಗ ಬಿಗಿದು ಓಡಿಸುತ್ತಿದ್ದಳು. ಹೋದ ವಾರ ಏರುರಸ್ತೆಯಲ್ಲಿ ಹಗ್ಗ ಸಡಿಲಾಗಿ ಯಾರದೋ ನಿಲುವುಗನ್ನಡಿ ರಸ್ತೆಗೆ ಬಿದ್ದು ಪುಡಿಯಾಗಿತ್ತು. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಕೂದಲೆಳೆಯಲ್ಲಿ ಪಾರಾಗಿದ್ದ.

"ತಂಗಿಗೆ ಹೆರಿಗೆ ಆಗಿತ್ತು, ನೋಡ್ಕೊಂಡು ಬರೋಣ ಅಂತ ಹೋಗಿದ್ದೆ. ನಾಳೆ ಬರ್ಬೇಕಿತ್ತು. ಕೆಲಸ ಇತ್ತು ಅಂತ ಇವತ್ತೇ ಬಂದೆ. ಬಂದ್ರೆ ಹೀಗೆ."

"ಯಾರ ಮೇಲಾದ್ರೂ ಅನುಮಾನ?"

"ಪಕ್ಕದ್ಮನೆ ರೇಡಿಯೋ."

ದಫೇದಾರರಿಗೆ ತಲೆಬುಡ ತಿಳಿಯಲಿಲ್ಲ. "ಅಮ್ಮ, ಕಳುವಾಗಿರೋದು ಬಾಗಿಲೋ ರೇಡಿಯೋನೋ?"

"ಅವನನ್ನ ಹಾಗೇ ಕರೆಯೋದು ಸಾರ್. ಇಟ್ಟಿಗೆ ಲಾರಿ ಡ್ರೈವರ್. ಬಾಯಿಗೆ ಬಿಡುವೇ ಇಲ್ಲ, ಅದಕ್ಕೆ. ಅವತ್ತು ಗುದ್ದಿದ್ದೂ ಅವನೇ. ಅವನ ಗಾಡಿ ಒಂದೇ ಅಲ್ಲಿ ನಿಲ್ಲೋದು. ಅವತ್ತಿಂದ ನಾನು ಅವನ ಮುಖ ನೋಡಿಲ್ಲ."

ಕಳವು ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇನ್ಸ್‌ಪೆಕ್ಟರ್ ಮತ್ತು ದಫೇದಾರರು ಸ್ಥಳ ಪಂಚನಾಮೆಗೆ ಹೊರಟರು.

ಬೀದಿಯ ತುದಿಯಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಮನೆ, ಮುಂದೆ ಎರಡು ಲಾರಿ ನಿಲ್ಲುವಷ್ಟು ಬಯಲು. ಬಣ್ಣ ಮಾಸಿದ ಹಸಿರು ಲಾರಿ ಹಿಂಬಾಗಿಲಿಲ್ಲದೆ, ಹಲ್ಲು ಕೀಳಿಸಿಕೊಂಡು ಬಂದ ಮುದುಕನಂತೆ ನಿಂತಿತ್ತು. ಇನ್ಸ್‌ಪೆಕ್ಟರ್ ಹತ್ತಿರ ಹೋಗಿ ನೋಡಿದರು. ಕೀಲಿನ ಬೋಲ್ಟುಗಳನ್ನು ಒಡೆದಿರಲಿಲ್ಲ, ಎಣ್ಣೆ ಬಿಟ್ಟು ನೆನೆಸಿ ಸ್ಪ್ಯಾನರಿನಿಂದ ಬಿಚ್ಚಿದ್ದರು. ಕಟ್ಟಿದ್ದ ಹಗ್ಗವನ್ನು ಸುರುಳಿ ಸುತ್ತಿ ಒಳಗಿನ ಕೊಕ್ಕೆಗೆ ತೂಗುಹಾಕಿದ್ದರು. ಬಾಗಿಲಿದ್ದ ಜಾಗಕ್ಕೆ ದೂಳು ಹೋಗದ ಹಾಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು, ಅದೂ ನಾಲ್ಕು ಮೂಲೆಗೂ ಎಳೆದು, ಸುಕ್ಕಿಲ್ಲದಂತೆ.

"ಕಳ್ಳನಿಗೆ ಗಾಡಿ ಮೇಲೆ ತುಂಬ ಅಕ್ಕರೆ ಇದ್ದ ಹಾಗಿದೆ ಸಾರ್" ಎಂದರು ದಫೇದಾರರು.

"ಅದನ್ನ ಪಂಚನಾಮೆಯಲ್ಲಿ ಬರೀಬೇಡಿ."

ಇಬ್ಬರು ಪಂಚರು ಸಹಿ ಹಾಕುತ್ತಿರುವಾಗ ಬೀದಿಯ ಆ ತುದಿಯಿಂದ ಒಬ್ಬ ವೃದ್ಧೆ ಬಂದರು. ಕುಳ್ಳಗಿನ ದೇಹ, ಚುರುಕು ನಡಿಗೆ. ಜೀಪು ಕಂಡದ್ದೇ ಆ ನಡಿಗೆ ನಿಂತುಹೋಯಿತು.

"ನಮ್ಮತ್ತೆ" ಎಂದಳು ಲಾರಿಯ ಒಡತಿ. "ಅತ್ತೆ, ಎಲ್ಲಿಗೆ ಹೋಗಿದ್ರಿ? ಬಾಗಿಲು ಕದ್ಕೊಂಡು ಹೋಗಿದ್ದಾರೆ, ಗೊತ್ತಾಗ್ಲೇ ಇಲ್ವಾ ನಿಮಗೆ?"

"ನೀನು... ನಾಳೆ ಅಲ್ವೇನೇ ಬರೋದು?" ಎಂದಷ್ಟೇ ಹೇಳಿ ಅತ್ತೆ ಒಳಗೆ ಹೋಗಿ ಚಹಾ ಮಾಡಿ ತಂದರು. ದಫೇದಾರರು ಒಂದು ಗುಟುಕು ಕುಡಿದು ಇನ್ಸ್‌ಪೆಕ್ಟರ್ ಮುಖ ನೋಡಿದರು. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಇನ್ಸ್‌ಪೆಕ್ಟರ್ ಏನೂ ಆಗದವರಂತೆ ಲೋಟ ಖಾಲಿ ಮಾಡಿದರು.

"ಮನೇಲಿ ಇನ್ಯಾರಿದ್ದಾರೆ?"

"ನಾವಿಬ್ರೇ" ಎಂದರು ಅತ್ತೆ. "ಮಗ ಬೇರೆ ಸಂಸಾರ ಮಾಡ್ಕೊಂಡ. ನನ್ನನ್ನೂ ಕರೆದ. ನೀನು ಬೇಕಾದ್ರೆ ಹೋಗು, ನಾನು ಇವಳ ಜೊತೆ ಇರ್ತೀನಿ ಅಂದೆ."

"ಪ್ರತಿ ಟ್ರಿಪ್ಪಿಗೂ ಬರ್ತಾರೆ ಸಾರ್" ಎಂದಳು ಸೊಸೆ. "ನಂಗೆ ನಿದ್ದೆ ಬರ್ಬಾರ್ದು ಅಂತ ಪಕ್ಕದಲ್ಲಿ ಕೂತು ದಾರಿಯುದ್ದ ಮಾತಾಡ್ತಾರೆ. ಹೇಳಿದ್ದನ್ನೇ ಹೇಳ್ತಾರೆ. ಆದ್ರೂ ಅವ್ರಿಲ್ದೆ ಗಾಡಿ ಓಡಿಸೋಕೆ ಆಗಲ್ಲ."

ಅತ್ತೆ ನೆಲ ನೋಡುತ್ತಿದ್ದರು. "ಸಾಹೇಬ್ರೇ, ಬಾಗಿಲು ವಾಪಸ್ ತಂದು ಕೊಟ್ರೆ ಕೇಸ್ ಇರಲ್ಲ ಅಲ್ವಾ?"

"ಕೊಟ್ರೂ ಕಳ್ತನ ಕಳ್ತನಾನೇ ಅಮ್ಮ" ಎಂದರು ದಫೇದಾರರು, ಉಪ್ಪಿನ ಸಿಟ್ಟಿನಲ್ಲಿ.

ಸಂಜೆ ಪೊಲೀಸರಿಬ್ಬರೂ ಮತ್ತೆ ಬಂದು ಕಾಯುತ್ತಿದ್ದಾಗ ಇಟ್ಟಿಗೆ ಲಾರಿ ಬಂದು ನಿಂತಿತು. ರೇಡಿಯೋ ಎಂಬ ಆಸಾಮಿ ಇಳಿಯುವ ಮೊದಲೇ ಮಾತು ಶುರುಮಾಡಿದ್ದ. "ಬನ್ನಿ ಸಾರ್, ಬನ್ನಿ, ಏನ್ ವಿಷಯ, ನನ್ನ ಗಾಡಿ ಇನ್ಶೂರೆನ್ಸ್ ಕಟ್ಟಿದ್ದೀನಿ, ಹೊಗೆ ಟೆಸ್ಟ್ ಆಗಿದೆ, ಹಿಂದಿನ ಲೈಟ್ ಒಂದು ಹೋಗಿದೆ, ಅದನ್ನ ನಾಳೆ ಬೆಳಿಗ್ಗೆ..."

"ಇವ್ರ ಲಾರಿ ಬಾಗಿಲು ಎಲ್ಲಿ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

ಸ್ವಿಚ್ಚು ಒತ್ತಿದಂತೆ ರೇಡಿಯೋ ನಿಂತುಹೋಯಿತು.

ಅವನ ಟೂಲ್ ಬಾಕ್ಸಿನಲ್ಲಿ ಬಟ್ಟೆಯಲ್ಲಿ ಸುತ್ತಿದ್ದ ಕೀಲಿನ ಬೋಲ್ಟುಗಳು ಸಿಕ್ಕವು. ಒಂದೊಂದನ್ನೂ ಉಜ್ಜಿ ಗ್ರೀಸ್ ಹಚ್ಚಿಟ್ಟಿದ್ದ.

"ಬಿಚ್ಚಿದ್ದು ಯಾರು?"

"ನಾನೇ."

"ಬಾಗಿಲು ಎಲ್ಲಿದೆ?"

ಅವನು ಒಂದು ಕೈಯ ಇಟ್ಟಿಗೆ ದೂಳು ಒರೆಸಿಕೊಂಡ.

"ಯಾಕೆ ಬಿಚ್ಚಿದೆ?"

ಅವನು ಇನ್ನೊಂದು ಕೈಯನ್ನೂ ಒರೆಸಿಕೊಂಡ. ಲಾರಿಯ ಒಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ನೋಡಿದ್ರಾ ಸಾರ್? ಗುದ್ದಿದ್ದೂ ಅಲ್ದೆ, ಸಾಕ್ಷಿ ಸಿಗ್ಬಾರ್ದು ಅಂತ ಬಾಗಿಲನ್ನೇ ಮಾಯ ಮಾಡಿದ್ದಾನೆ."

ರೇಡಿಯೋನ ಬಾಯಿ ತೆರೆಯಿತು, ಮುಚ್ಚಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಎರಡು ಹೆಜ್ಜೆ ಮುಂದೆ ಬಂದರು. ಅವನು ಅವರ ಕಡೆ ತಿರುಗದೆ, "ಅಮ್ಮ, ನೀವು ಒಳಗೆ ಹೋಗಿ, ಗಾಳಿ ಜೋರಾಗಿದೆ" ಎಂದ.

ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದರು. ಸೊತ್ತು ಕೈಯಲ್ಲೇ ಸಿಕ್ಕಿ, ತಪ್ಪೊಪ್ಪಿಗೆಯೂ ಇದ್ದ ಮೇಲೆ ಬೇರೆ ದಾರಿಯಿರಲಿಲ್ಲ. ಬೋಲ್ಟುಗಳನ್ನು ಜಪ್ತಿ ಮಾಡಿ, ದಸ್ತಗಿರಿ ಮೆಮೋ ಬರೆದು, ರೇಡಿಯೋನನ್ನು ಜೀಪಿಗೆ ಹತ್ತಿಸಿದರು. ಠಾಣೆಯ ತನಕ ಅವನು ಒಂದೇ ಒಂದು ಮಾತಾಡಿದ. ಜೀಪಿನ ಎರಡನೇ ಗೇರು ಸವೆದಿದೆ ಎಂದ.

ಮರುದಿನ ಬೆಳಿಗ್ಗೆ ದಫೇದಾರರು ಗುಜರಿ ಅಂಗಡಿಗಳನ್ನು ಸುತ್ತಿ ಬರಿಗೈಲಿ ಬಂದರು.

"ಮಾರೋಕೆ ತಗೊಂಡಿಲ್ಲ ಸಾರ್. ಮಾರೋನು ಬೋಲ್ಟಿಗೆ ಗ್ರೀಸ್ ಹಚ್ಚಿ ಇಡ್ತಾನಾ?"

"ಹಾಗಾದ್ರೆ ವಾಪಸ್ ಹಾಕೋಕೆ ಇಟ್ಕೊಂಡಿದ್ದಾನೆ. ಟಿಂಕರಿಂಗ್ ಮಾಡೋರನ್ನ ನೋಡೋಣ ನಡೀರಿ."

ಮೂರನೆಯ ಶೆಡ್ಡಿನಲ್ಲಿ ಬಾಗಿಲು ಸಿಕ್ಕಿತು. ಎರಡು ಮರದ ಸ್ಟ್ಯಾಂಡುಗಳ ಮೇಲೆ ಅಂಗಾತ ಮಲಗಿತ್ತು. ಟಿಂಕರ್ ಆಸಾಮಿ ತನ್ನ ಕೆಲಸದ ಬಗ್ಗೆ ಭಾರಿ ಹೆಮ್ಮೆಯವನು. ಪೊಲೀಸರು ಬಂದಿದ್ದಾರೆಂದು ಹೆದರುವುದು ಬಿಟ್ಟು, ನೋಡಲು ಜನ ಬಂದರಲ್ಲ ಎಂದು ಹಿಗ್ಗಿದ.

"ಕೈಯಾಡಿಸಿ ನೋಡಿ ಸಾರ್! ಪೆಟ್ಟು ಎಲ್ಲಿತ್ತು ಹೇಳಿ ನೋಡೋಣ!"

ಇನ್ಸ್‌ಪೆಕ್ಟರ್ ಕೈಯಾಡಿಸಿದರು. ಗೊತ್ತಾಗಲಿಲ್ಲ. ಕುಸಿದ ತಗಡನ್ನು ಕಾಯಿಸಿ, ಒಳಗಡೆಯಿಂದ ಮರದ ತುಂಡು ಕೊಟ್ಟು ಬಡಿದು ಎಬ್ಬಿಸಿದ್ದ. ತುಕ್ಕು ತಿಂದ ಕೆಳಗಿನ ಅಂಚನ್ನು ಕತ್ತರಿಸಿ ಹೊಸ ಪಟ್ಟಿ ವೆಲ್ಡ್ ಮಾಡಿ, ಉಜ್ಜಿ, ಪುಟ್ಟಿ ಎಳೆದು ಪ್ರೈಮರ್ ಹೊಡೆದಿದ್ದ. ಎಲ್ಲೂ ಸಿಗದ ಚಿಲಕವನ್ನು ಕಬ್ಬಿಣದ ಪಟ್ಟಿಯಲ್ಲಿ ತಾನೇ ಮಾಡಿದ್ದ. ಎರಡು ಸಲ ತಪ್ಪಾಗಿ ಮೂರನೆಯದು ಕೂತಿತ್ತು. ತಪ್ಪಿದ ಎರಡನ್ನೂ ಹೆಮ್ಮೆಯಿಂದಲೇ ತೋರಿಸಿದ.

"ರೇಡಿಯೋ ಹೇಳಿದ, ಲಾರಿ ಗುದ್ದಿದ್ದು ಅಂತ. ಯಾರಿಗೆ ಹೇಳ್ತಾನೆ? ಲಾರಿ ಗುದ್ದಿದ್ರೆ ಬಣ್ಣ ಹತ್ತಿರುತ್ತೆ. ಇದ್ರ ಮಡಿಕೆ ಒಳಗೆ ಸಿಮೆಂಟು, ಹಳದಿ ಸುಣ್ಣ. ಇವ್ರೇ ಹಿಂದಕ್ಕೆ ಹೋಗಿ ಯಾವುದೋ ಕಂಬಕ್ಕೆ ಇಕ್ಕಿದ್ದಾರೆ."

"ತಂದುಕೊಟ್ಟಿದ್ದು ರೇಡಿಯೋ ಒಬ್ನೇನಾ?"

"ಜೊತೆಗೆ ಒಬ್ರು ಅಮ್ಮ ಇದ್ರು. ಬಂದು ಆ ಸ್ಟೂಲ್ ಮೇಲೆ ಕೂತ್ಕೊಂಡ್ರೆ ಏಳಲ್ಲ. ಬಣ್ಣ ಎಷ್ಟು ಸಲ ಕಲಸಿಸಿದ್ರು ಅಂತೀರಿ! ಹೊಸ ಹಸಿರು ಬೇಡ, ಬಿಸಿಲಲ್ಲಿ ಮಾಸಿದ ಹಸಿರೇ ಬೇಕಂತೆ. ಸೊಸೆ ಗಾಡಿಗೆ ತೇಪೆ ಹಾಕಿದ ಹಾಗೆ ಕಾಣ್ಬಾರ್ದಂತೆ. ನಿನ್ನೆ ಮಧ್ಯಾಹ್ನದಿಂದ ಯಾಕೋ ಬಂದಿಲ್ಲ. ಮೈಗೆ ಹುಷಾರಿಲ್ವೇನೋ."

ದಫೇದಾರರು ಇನ್ಸ್‌ಪೆಕ್ಟರ್ ಮುಖ ನೋಡಿದರು. ಇಬ್ಬರೂ ಜೀಪು ಹತ್ತಿದರು.

ಹಳದಿ ಕಂಬ ಹುಡುಕುವುದು ಕಷ್ಟವಾಗಲಿಲ್ಲ. ಮನೆಯಿಂದ ಎರಡು ಬೀದಿ ಆಚೆ, ಬೀಗ ಹಾಕಿದ ಗೋದಾಮಿನ ಹಿಂದೆ ಖಾಲಿ ಅಂಗಳ. ಅದರ ಗೇಟಿನ ಕಂಬದಲ್ಲಿ ಹಸಿರು ಬಣ್ಣದ ಗೀರು. ಅಂಗಳದ ಮಣ್ಣಿನಲ್ಲಿ ಟಯರಿನ ಗುರುತು ಒಂದರ ಮೇಲೊಂದು ಸುತ್ತು ಸುತ್ತಾಗಿ ಬಿದ್ದಿತ್ತು. ಎಲ್ಲೂ ಹೋಗದ ಗಾಡಿಯ ಗುರುತು.

"ಇಲ್ಲಿ ಯಾರೋ ಡ್ರೈವಿಂಗ್ ಕಲಿತಿದ್ದಾರೆ ಸಾರ್."

"ರೇಡಿಯೋಗೆ ಕಲಿಯೋದು ಏನೂ ಉಳಿದಿಲ್ಲ" ಎಂದರು ಇನ್ಸ್‌ಪೆಕ್ಟರ್.

ಠಾಣೆಗೆ ಮರಳಿದಾಗ ಬೆಂಚಿನ ಮೇಲೆ ಅತ್ತೆ ಕುಳಿತಿದ್ದರು. ಮಡಿಲಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಹೊದಿಕೆ, ಬಿ.ಪಿ. ಮಾತ್ರೆ, ಹಲ್ಲುಜ್ಜುವ ಬ್ರಶ್ಶು. ಪಕ್ಕದಲ್ಲಿ ಸೊಸೆ, ಕೆಂಡಾಮಂಡಲವಾಗಿ.

"ಹೇಳ್ದೆ ಕೇಳ್ದೆ ಚೀಲ ಕಟ್ಕೊಂಡು ಇಲ್ಲಿಗೆ ಬಂದಿದ್ದಾರೆ ಸಾರ್! ಏನು ಅಂದ್ರೆ ಬಾಯಿ ಬಿಡಲ್ಲ."

ಅತ್ತೆ ಎದ್ದು ನಿಂತರು. "ಆ ಹುಡುಗನ್ನ ಬಿಟ್ಬಿಡಿ ಸಾಹೇಬ್ರೇ. ನನ್ನನ್ನ ಒಳಗೆ ಹಾಕಿ. ಬಾಗಿಲು ಬಿಚ್ಚಿಸಿದ್ದು ನಾನು. ಅದನ್ನ ಜಜ್ಜಿದ್ದೂ ನಾನೇ."

"ನೀವಾ?" ಸೊಸೆಯ ಧ್ವನಿ ಮೇಲೇರಿತು.

"ನೀನು ಮಧ್ಯಾಹ್ನ ಮಲಗಿದಾಗ ಗಾಡಿ ತಗೊಂಡು ಹೋಗ್ತಿದ್ದೆ. ರೇಡಿಯೋ ಹೇಳಿಕೊಡ್ತಿದ್ದ. ಮುಂದಕ್ಕೆ ಚೆನ್ನಾಗೇ ಬರುತ್ತೆ ನಂಗೆ. ಹಿಂದಕ್ಕೇ ಕಷ್ಟ."

"ಕನ್ನಡಿ ನೋಡ್ಲಿಲ್ವಾ ಅತ್ತೆ?"

"ನೋಡ್ದೆ ಕಣೇ. ಕನ್ನಡೀಲಿ ಕಂಬ ದೂರ ಇತ್ತು."

ದಫೇದಾರರು ಕೆಮ್ಮುತ್ತಾ ಗೋಡೆಯ ಕಡೆ ತಿರುಗಿದರು.

"ಯಾಕಮ್ಮ ಮುಚ್ಚಿಟ್ರಿ?" ಎಂದರು ಇನ್ಸ್‌ಪೆಕ್ಟರ್. "ನಿನ್ನೆ ಅವನನ್ನ ಜೀಪಿಗೆ ಹತ್ತಿಸುವಾಗಲಾದ್ರೂ ಹೇಳ್ಬಹುದಿತ್ತಲ್ಲ?"

ಅತ್ತೆ ಮತ್ತೆ ಬೆಂಚಿನ ಮೇಲೆ ಕುಳಿತರು. "ಹೇಳಿದ್ರೆ ಇವಳು ನನ್ನನ್ನ ಮನೇಲೇ ಬಿಟ್ಟು ಹೋಗ್ತಾಳೆ ಅಂತ ಭಯ ಆಯ್ತು. ವಯಸ್ಸಾಯ್ತು, ಇನ್ನು ಗಾಡಿ ಹತ್ಬೇಡಿ ಅಂತಾಳೆ. ಆಮೇಲೆ ಇವಳ ಪಕ್ಕ ಯಾರು ಕೂತ್ಕೋತಾರೆ? ಹೋದ ವರ್ಷ ಒಂದ್ಸಲ ನನ್ನ ಮಾತು ಕೇಳ್ತಾ ಕೇಳ್ತಾನೇ ಕಣ್ಣು ಮುಚ್ಚಿದ್ಲು. ಗಾಡಿ ರಸ್ತೆ ಬಿಟ್ಟು ಇಳೀತು. ನಾನು ಸ್ಟೇರಿಂಗ್ ಹಿಡಿದೆ, ಯಾವ ಕಡೆ ತಿರುಗಿಸ್ಬೇಕು ಅಂತ ಗೊತ್ತಾಗ್ಲಿಲ್ಲ. ಹೆಂಗೋ ನಿಂತ್ಕೊಂಡ್ತು. ಅವತ್ತೇ ಅಂದ್ಕೊಂಡೆ, ಬರೀ ಮಾತಾಡೋದ್ರಿಂದ ಆಗಲ್ಲ, ಕಲೀಲೇಬೇಕು ಅಂತ." ಅವರು ಚೀಲವನ್ನು ಎದೆಗೊತ್ತಿಕೊಂಡರು. "ಅವನಿಗೆ ಆಣೆ ಹಾಕಿಸಿದ್ದೆ, ಹೇಳ್ಬೇಡ ಅಂತ. ಅವನು ನಿಜವಾಗ್ಲೂ ಹೇಳದೇ ಇರ್ತಾನೆ ಅಂತ ನಾನೇನು ಕನಸು ಕಂಡಿದ್ನಾ?"

ಸೊಸೆ ಬೆಂಚಿನ ತುದಿಗೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಯಾರಿಗೂ ತಿಳಿಯಲಿಲ್ಲ. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟರು. ಅವಳು ಅದನ್ನು ಕೊಡವಲಿಲ್ಲ.

ರೇಡಿಯೋನನ್ನು ಹೊರಗೆ ಕರೆತಂದರು. ಅವನೆದುರು ಲಾರಿಯ ಒಡತಿ ಎದ್ದು ನಿಂತಳು. ಒಂದು ತಿಂಗಳಿಂದ ನೇರವಾಗಿ ನೋಡದ ಮುಖವನ್ನು ನೋಡಿ, "ಗುದ್ದಿದ್ದು ನೀನಲ್ಲ ಅಂತ ಒಂದ್ಮಾತು ಹೇಳೋಕೆ ಏನಾಗಿತ್ತೋ ನಿಂಗೆ?" ಎಂದಳು.

"ಅಕ್ಕ, ನೀವು ಕೇಳ್ಲೇ ಇಲ್ವಲ್ಲ. ನೇರವಾಗಿ ಬೈದ್ರಿ. ಕೇಳಿದ್ರೂ ಹೇಳ್ತಿರ್ಲಿಲ್ಲ ಬಿಡಿ. ಅಲ್ಲ, ನಿಮ್ಮತ್ತೆಗೆ ಕ್ಲಚ್ ಬಿಡೋದು ಎಷ್ಟು ನಾಜೂಕಾಗಿ ಬರುತ್ತೆ ಗೊತ್ತಾ, ನಾನು ಎಷ್ಟೋ ಜನಕ್ಕೆ ಕಲಿಸಿದ್ದೀನಿ, ಒಬ್ರಿಗೂ..." ಎಂದು ರೇಡಿಯೋ ಮತ್ತೆ ಶುರುವಾಯಿತು. ಈ ಸಲ ಅವಳು ತಡೆಯಲಿಲ್ಲ.

ಕಳವಿನ ದೂರು ತಪ್ಪು ತಿಳಿವಳಿಕೆಯಿಂದ ದಾಖಲಾದದ್ದೆಂದು ಇನ್ಸ್‌ಪೆಕ್ಟರ್ ವರದಿ ಬರೆದರು. ಆದರೆ ಲೈಸೆನ್ಸ್ ಇಲ್ಲದೆ ಲಾರಿ ಓಡಿಸಿದ್ದು ಕಣ್ಣೆದುರಿಗಿದ್ದ ತಪ್ಪು. ಅದಕ್ಕೆ ಅತ್ತೆಯನ್ನು ದಸ್ತಗಿರಿ ಮಾಡಿ, ಅಲ್ಲೇ ಠಾಣಾ ಜಾಮೀನಿನ ಮೇಲೆ ಬಿಟ್ಟರು. ಜಾಮೀನಿಗೆ ಸಹಿ ಹಾಕಿದವಳು ಸೊಸೆ. ದಸ್ತಗಿರಿ ಇಷ್ಟು ಬೇಗ ಮುಗಿಯುತ್ತದೆಂದು ಗೊತ್ತಿದ್ದರೆ ಹೊದಿಕೆ ತರುತ್ತಿರಲಿಲ್ಲ ಎಂದು ಅತ್ತೆ ದಫೇದಾರರ ಹತ್ತಿರ ಹೇಳಿದರು.

ಎರಡು ವಾರದ ನಂತರ ಒಂದು ಮಧ್ಯಾಹ್ನ ಇನ್ಸ್‌ಪೆಕ್ಟರ್ ಪ್ರಕರಣ ಮುಕ್ತಾಯದ ನೋಟಿಸಿಗೆ ದೂರುದಾರಳ ಸಹಿ ಪಡೆಯಲು ಅವರ ಮನೆಗೆ ಹೋದರು. ಬೀಗ ಹಾಕಿತ್ತು. ಗೋದಾಮಿನ ಕಡೆಯಿಂದ ಇಂಜಿನ್ ಸದ್ದು ಕೇಳಿ ಅತ್ತ ನಡೆದರು.

ಹಸಿರು ಲಾರಿ ಅಂಗಳದಲ್ಲಿ ಆಮೆಯಂತೆ ಸುತ್ತು ಹಾಕುತ್ತಿತ್ತು. ಮುಂದೆ, ಹಿಂದೆ ಎರಡು ಕಡೆಯೂ ಕೆಂಪು ಎಲ್ ಬೋರ್ಡು. ಹಿಂಬಾಗಿಲು ತನ್ನ ಚೌಕಟ್ಟಿನಲ್ಲಿ ಕೂದಲೆಳೆಯ ಸಂದೂ ಇಲ್ಲದೆ ಕೂತಿತ್ತು. ಎರಡು ದಿಂಬಿನ ಮೇಲೆ ಕುಳಿತು ಅತ್ತೆ ಸ್ಟೇರಿಂಗ್ ಹಿಡಿದಿದ್ದರು. ಮಧ್ಯದಲ್ಲಿ ರೇಡಿಯೋ, ಕೈಯಾಡಿಸುತ್ತಿದ್ದ, ಆದರೆ ಎಂದಿನಂತಲ್ಲದೆ ಪಿಸುಗುಡುತ್ತಿದ್ದ. ಯಾಕೆಂದು ಇನ್ಸ್‌ಪೆಕ್ಟರಿಗೆ ಗಾಡಿ ಹತ್ತಿರ ಬಂದಾಗ ತಿಳಿಯಿತು. ಆ ಬದಿಯ ಕಿಟಕಿಗೆ ತಲೆಯಾನಿಸಿ ಸೊಸೆ ಗಾಢ ನಿದ್ದೆಯಲ್ಲಿದ್ದಳು.

ಅತ್ತೆ ಇನ್ಸ್‌ಪೆಕ್ಟರನ್ನು ನೋಡಿದರು. ಸ್ಟೇರಿಂಗ್ ಬಿಡದೆ, ಗಾಡಿ ನಿಲ್ಲಿಸಲಾ ಎಂದು ಕಣ್ಣಲ್ಲೇ ಕೇಳಿದರು.

ಇನ್ಸ್‌ಪೆಕ್ಟರ್ ಬೇಡವೆಂದು ತಲೆಯಾಡಿಸಿ, ನೋಟಿಸನ್ನು ಜೇಬಿಗಿಟ್ಟುಕೊಂಡು, ಕಂಬದ ನೆರಳಲ್ಲಿ ಸೊಸೆ ಏಳುವವರೆಗೆ ನಿಂತರು.