ತೋಳಿನ ಮೇಲಿನ ಕೈ

"ನನ್ನ ಕೈ ಎಲ್ಲೋಯ್ತು?"

ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡ್ ರಸ್ತೆಯ ತನ್ನ ಸ್ಟುಡಿಯೋದಲ್ಲಿ ಕೂತು ಯಾರದೋ ನಾಮಕರಣದ ಆಲ್ಬಮ್ ಜೋಡಿಸುತ್ತಿದ್ದ ಕಾಂತರಾಜು ತಲೆಯೆತ್ತಿದ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತು ದಾಟಿರದ ವಯಸ್ಸು, ಖಾಲಿ ಹಣೆ, ಎದೆಗವುಚಿಕೊಂಡ ಒಂದು ಫ್ರೇಮು.

"ಯಾರ ಕೈ?"

"ನಂದು." ಅವಳು ಫ್ರೇಮನ್ನು ಮೇಜಿನ ಮೇಲಿಟ್ಟಳು. "ಇವ್ರ ತೋಳಿನ ಮೇಲೆ ನನ್ನ ಕೈ ಇತ್ತು. ಇಡು ಅಂತ ಹೇಳಿದ್ದೂ ನೀವೇ. ಈಗ ಅಳಿಸಿದ್ದೂ ನೀವೇ."

ಫೋಟೋದಲ್ಲಿ ರೇಷ್ಮೆ ಅಂಗಿಯ ಗಂಡಸು ನಗುತ್ತಿದ್ದ. ಕಾಂತರಾಜುವಿಗೆ ನೆನಪಾಯಿತು. ಬೆಟ್ಟದಪುರದ ಕಡೆಯ ಮಹೇಶ್‌ಕುಮಾರ್. ಆರು ವರ್ಷದ ಹಿಂದೆ ಅವನ ಮದುವೆ ತೆಗೆದವನು ತಾನೇ. ಎಂಟು ತಿಂಗಳ ಹಿಂದೆ ಪಂಪ್‌ಸೆಟ್ಟಿನ ಶಾಕಿಗೆ ಅವನು ಹೋದಾಗ, ಅವನ ತಮ್ಮ ಬಸವರಾಜು ಬಂದು, ಮದುವೆ ಫೋಟೋದಿಂದ ಅಣ್ಣನೊಬ್ಬನನ್ನೇ ಬಿಡಿಸಿಕೊಡಿ ಎಂದಿದ್ದ. ತೋಳಿನ ಮೇಲೆ ಹಸಿರು ಬಳೆಯ ಕೈಯೊಂದು ಉಳಿದಿತ್ತು. ಅದರ ಮೇಲೆ ರೇಷ್ಮೆಯ ಬಣ್ಣ ಎಳೆದು ಮುಚ್ಚಲು ಕಾಂತರಾಜುವಿಗೆ ಹತ್ತು ನಿಮಿಷ ಹಿಡಿದಿತ್ತು.

"ಹಾರ ಹಾಕೋ ಫೋಟೋ ಅಲ್ವಾ... ಇನ್ನೊಬ್ಬರ ಕೈ ಇರಬಾರದು ಅಂತ..."

"ಇನ್ನೊಬ್ಬರಾ?"

ಅವನು ಕುರ್ಚಿ ತಿರುಗಿಸಿದ. ಕಂಪ್ಯೂಟರಿನಲ್ಲಿ ಹಳೆಯ ಫೋಲ್ಡರ್ ಹುಡುಕಿ ತೆಗೆದ. ಅವಳು ಸ್ಟೂಲು ಎಳೆದುಕೊಂಡು ಕೂತಳು. ಹೆಸರು ರಾಜಮಣಿ ಎಂಬುದು ಆ ಫೋಲ್ಡರಿನ ಮೇಲೇ ಇತ್ತು. ಒಂದೊಂದೇ ಫೋಟೋ ಸರಿಯುತ್ತ ಹೋಯಿತು. ಒಂದರಲ್ಲಿ ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ ಸೀನುತ್ತಿದ್ದರು. ರಾಜಮಣಿ ಫಕ್ಕನೆ ನಕ್ಕಳು. ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅವ್ರು ಹೋದ ಮೇಲೆ ಇವತ್ತೇ ನಕ್ಕಿದ್ದು ಕಣ್ರೀ. ಪಾಪ ಬತ್ತದಾ?"

"ನಗೋದಕ್ಕೆ ಯಾಕ್ರೀ ಪಾಪ?" ಎಂದ ಕಾಂತರಾಜು.

ಕೈ ಇದ್ದ ಫೋಟೋವನ್ನು ಹೊಸದಾಗಿ ಪ್ರಿಂಟ್ ಮಾಡಿಕೊಟ್ಟ. ಅವಳು ಅದನ್ನು ಬ್ಲೌಸ್ ಬಟ್ಟೆಗಳ ನಡುವೆ ಮಡಚದಂತೆ ಇಟ್ಟುಕೊಂಡು ಹೋದಳು. ಅವಳು ಟೈಲರಿಂಗ್ ಮಾಡುತ್ತಿದ್ದಳು. ವಾರಕ್ಕೊಮ್ಮೆ ಪೇಟೆಗೆ ಬರುತ್ತಿದ್ದಳು. ವಾರಕ್ಕೊಮ್ಮೆ ಎಂಬುದು ಕಾಂತರಾಜುವಿಗೆ ಆಮೇಲೆ ತಿಳಿಯಿತು, ಮತ್ತು ವಾರದ ಆ ದಿನ ಯಾವುದು ಎಂಬುದನ್ನು ಅವನು ಮರೆಯಲಿಲ್ಲ.

ಜೂನಿನಲ್ಲಿ ಮಗಳು ಚಿನ್ನುವಿನ ಸ್ಕೂಲ್ ಫೋಟೋಗೆ ಬಂದಳು. ಆಮೇಲೆ ಆಧಾರ್ ಜೆರಾಕ್ಸಿಗೆ. ಆಮೇಲೆ ಕಾರಣವೇ ಇಲ್ಲದೆ, ಬಸ್ಸು ತಡವೆಂದು.

"ಫೋಟೋದೋರೇ, ನಿಮ್ಮ ಗಡಿಯಾರ ಹತ್ತು ನಿಮಿಷ ಮುಂದೈತೆ."

"ನಿಮ್ಮ ಬಸ್ಸು ತಪ್ಪಬಾರದು ಅಂತ ಇಟ್ಟಿದೀನಿ."

"ತಪ್ಪಲಿ ಅಂತ ಇಡ್ಬೇಕಿತ್ತು," ಎಂದು ರಸ್ತೆಯ ಕಡೆ ಮುಖ ತಿರುಗಿಸಿದಳು. ಕೆನ್ನೆಯ ಒಂದು ಪಕ್ಕ ಮಾತ್ರ ಕಾಣುತ್ತಿತ್ತು. ಅಷ್ಟರಲ್ಲೇ ನಗು ಗೊತ್ತಾಗುತ್ತಿತ್ತು.

ಕೊಪ್ಪದ ಛತ್ರದಲ್ಲಿ ಅವಳ ನೆಂಟರ ಮದುವೆ. ಧಾರೆಯ ಹೊತ್ತಿಗೆ ಹೆಂಗಸರೆಲ್ಲ ಮಂಟಪದ ಸುತ್ತ ನೆರೆದಿದ್ದರು. ಕಾಂತರಾಜು ಕ್ಯಾಮೆರಾದಲ್ಲಿ ಎಲ್ಲರ ಮುಖ ಹಿಡಿದ, ರಾಜಮಣಿ ಅಲ್ಲಿರಲಿಲ್ಲ. ಧಾರೆ ಮುಗಿದ ಮೇಲೆ ಹಿಂದಿನ ಜಗಲಿಗೆ ಹೋದ. ಕಿಟಕಿಯ ಪಕ್ಕ ಕೂತು ಒಬ್ಬಳೇ ಬಾಳೆಎಲೆ ಒರೆಸುತ್ತಿದ್ದಳು.

ಕ್ಯಾಮೆರಾ ಕ್ಲಿಕ್ಕೆಂದಿತು.

"ಮದ್ವೆ ನಡೀತಾ ಇರೋದು ಅಲ್ಲಿ. ನಿಮ್ಮ ಕ್ಯಾಮೆರಾಗೆ ಇಲ್ಲೇನು ಕೆಲಸ?"

"ಬೆಳಕು ಇಲ್ಲಿ ಚೆನ್ನಾಗಿದೆ."

"ಬೆಳಕಾ?" ಅವಳು ತುಟಿ ಕಚ್ಚಿ ಇನ್ನೊಂದು ಎಲೆ ಎಳೆದುಕೊಂಡಳು. "ಬೆಳಕು ನೋಡೋ ಕಣ್ಣೇ ಬೇರೆ, ನಿಮ್ಮ ಕಣ್ಣೇ ಬೇರೆ ಕಣ್ರೀ. ಅದ್ನ ಆಲ್ಬಮ್ಮಿಗೆ ಹಾಕ್‌ಬೇಡಿ."

"ಹಾಕಲ್ಲ. ಅದು ನನಗೆ."

ಒರೆಸುತ್ತಿದ್ದ ಕೈ ನಿಂತಿತು. ಅವಳು ಬೇಡವೆನ್ನಲಿಲ್ಲ.

ಆ ಸಂಜೆ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದ. ಎರಡು ದಿನದ ಮೇಲೆ ಉತ್ತರ ಬಂತು: "ಇವಳು ಯಾರು?"

"ನೀವೇ."

"ನನಗೆ ಗೊತ್ತಿರಲಿಲ್ಲ."

ಕಾಂತರಾಜುವಿಗೆ ಮೂವತ್ತಾರು. ಸೀಸನ್ ಕೆಲಸ, ಬಾಡಿಗೆ ಮನೆ ಎಂದು ಅವನನ್ನು ಒಲ್ಲೆನೆಂದ ಹೆಣ್ಣುಗಳ ಮದುವೆಗೂ ಅವನೇ ಕ್ಯಾಮೆರಾ ಹಿಡಿದಿದ್ದ. ತನ್ನದು ಇಷ್ಟೇ ಎಂದು ಒಪ್ಪಿಕೊಂಡಿದ್ದವನಿಗೆ ಈಗ ಮಧ್ಯಾಹ್ನಗಳೆಂದರೆ ಫೋನು. ಚಿನ್ನು ಸ್ಕೂಲಿನಲ್ಲಿರುವ ಹೊತ್ತು, ಹೊಲಿಗೆ ಮೆಷಿನ್ನಿನ ಸದ್ದಿನ ನಡುವೆ ಅವಳ ದನಿ. ಮೆಷಿನ್ನು ನಿಂತರೆ ಅವಳು ಏನೋ ಯೋಚಿಸುತ್ತಿದ್ದಾಳೆ ಎಂದರ್ಥ. ಆಗಸ್ಟಿನ ಒಂದು ದಿನ ಮೆಷಿನ್ನು ಬಹಳ ಹೊತ್ತು ನಿಂತಿತು.

"ಮನೆಗ್ ಬಂದು ಕೇಳ್ತೀರಾ?" ಎಂದಳು. "ಕದ್ದು ಮಾತಾಡೋಕೆ ನಂಗೆ ಬರಲ್ಲ."

ಕಾಂತರಾಜುವಿಗೆ ತಂದೆ ತಾಯಿ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಫ್ರೇಮ್ ಕಟ್ಟುವ ಶಂಶುದ್ದೀನ್ ಸಾಬರನ್ನೇ ಹಿರಿಯರೆಂದು ಕರೆದುಕೊಂಡು ಹೋದ. ಹೊಗೆಸೊಪ್ಪು ಬೇಯಿಸುವ ದಿನಗಳು. ಸೊಪ್ಪು ಒಣಗಿಸುವ ಬ್ಯಾರನ್ನಿನ ಬಿಸಿ ಅಂಗಳದವರೆಗೂ ಬರುತ್ತಿತ್ತು. ರಾಜಮಣಿಯ ಅತ್ತೆ ಸಾಕಮ್ಮ ಅಂಗಳದಲ್ಲಿ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದಳು. ಚಿನ್ನು ಅವಳ ಬೆನ್ನಿಗೆ ಜೋತುಬಿದ್ದಿದ್ದಳು.

"ಅಮ್ಮ, ಹುಡ್ಗ ನನ್ ಮಗ ಇದ್ದಂಗೆ. ಒಳ್ಳೇವ್ನು," ಎಂದರು ಸಾಬರು.

"ಒಳ್ಳೇವ್ನೇ ಇರ್ಬೌದು ಸಾಬ್ರೇ. ನನ್ ಸೊಸೆನೂ ಒಳ್ಳೇವ್ಳೇ." ಸಾಕಮ್ಮನ ಕೈ ನಿಲ್ಲಲಿಲ್ಲ. "ಒಬ್ ಮಗ ಮಣ್ಣಿಗೋದ. ಇನ್ನೊಬ್ಬನ್ಗೆ ಆರ್ ವರ್ಸದಿಂದ ಎಣ್ಣು ಉಡುಕ್ತಾ ಇವ್ನಿ. ಒಗೆಸೊಪ್ಪು ಬೆಳ್ಯೋನ್ಗೆ ಯಾರ್ ಕೊಡ್ತಾರೆ? ಮನೆ ಎಣ್ಣು ಮನೇಲೇ ಇರ್ಲಿ ಅಂತ ಮಾತಾಡ್ಕಂಡಿವಿ. ಅವ್ಳು ಓಗ್ತೀನಿ ಅಂದ್ರೆ ನಾನು ಅಡ್ಡ ಬರಾಕಿಲ್ಲ. ಚಿನ್ನು ಮಾತ್ರ ಇಲ್ಲೇ ಇರ್ತಾಳೆ."

"ಚಿನ್ನುನ ನನ್ನ ಮಗಳ ಥರ ನೋಡ್ಕೋತೀನಿ ಅಮ್ಮ," ಎಂದ ಕಾಂತರಾಜು.

ಸಾಕಮ್ಮ ಈಗ ತಲೆಯೆತ್ತಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. "ಥರ ಅಂದ್ರಲ್ಲಪ್ಪ. ಅಲ್ಲೇ ಬಂತು ನೋಡಿ."

ಬಸವರಾಜು ಬ್ಯಾರನ್ನಿನ ಬಾಗಿಲಲ್ಲಿ ನೆಲ ನೋಡುತ್ತ ನಿಂತಿದ್ದ. ರಾಜಮಣಿ ಕಾಫಿ ತಂದಿಟ್ಟಳು. ಲೋಟ ಇಡುವಾಗ ಒಂದಿಷ್ಟು ಕಾಫಿ ಚೆಲ್ಲಿತು. ಅದನ್ನು ಒರೆಸುವ ನೆಪದಲ್ಲಿ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಅಲ್ಲೇ ಬಗ್ಗಿ ನಿಂತಿದ್ದು ಒಳಗೆ ಹೋದಳು.

ಐದನೆಯ ದಿನ ಸ್ಟುಡಿಯೋಗೆ ಬಂದಳು. ಕೂರಲಿಲ್ಲ.

"ಕೋರ್ಟಿಗೆ ಹೋದ್ರೆ ಮಗು ತಾಯಿಗೇ ಸಿಗುತ್ತೆ," ಎಂದ ಕಾಂತರಾಜು. ಒಬ್ಬ ಲಾಯರನ್ನು ಕೇಳಿಯೂ ಬಂದಿದ್ದ.

"ಸಿಗ್ತದೆ. ಅಜ್ಜಿ ಬೆನ್ನಿಂದ ಕಿತ್ಕಂಡ್ ಬಂದ ಮಗು ಸಿಗ್ತದೆ." ಅವಳು ನಿಧಾನಕ್ಕೆ ಹೇಳಿದಳು. "ಅವ್ರ ಹೆಣ ಮನೆಗೆ ಬಂದ ದಿನ ನಮ್ಮತ್ತೆ ಕೂಗಿದ್ದು ನಾನು ಕೇಳಿದೀನಿ. ಆ ಕೂಗು ಇನ್ನೊಂದ್ಸಲ ನನ್ನಿಂದ ಬರ್ಬೇಕಾ?"

"ಬಸವರಾಜು ನಿಮಗೆ..."

"ಕೆಟ್ಟೋನಲ್ಲ. ಕೆಟ್ಟೋನಾಗಿದ್ರೆ ಸಲೀಸಾಗ್ತಿತ್ತು, ಬುಟ್ಟು ಬಂದ್‌ಬಿಡ್ತಿದ್ದೆ."

ಹೊರಗೆ ಬೆಟ್ಟದಪುರದ ಬಸ್ಸು ಹಾರನ್ ಹೊಡೆಯಿತು. ಇಬ್ಬರೂ ಗಡಿಯಾರ ನೋಡಲಿಲ್ಲ.

"ಒಂದ್ಸಲ ನೇರವಾಗಿ ಹೇಳಿ," ಎಂದ. "ಒಂದೇ ಸಲ."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಇಷ್ಟ ಕಣ್ರೀ. ಸಾಯೋಷ್ಟು ಅಂತ ಹೇಳಲ್ಲ, ಸಾಯೋದು ಏನೂಂತ ನೋಡಿದೀನಿ. ಬದ್ಕೋಷ್ಟು ಇಷ್ಟ."

ಕಾಂತರಾಜು ಎದ್ದು ನಿಂತ. ನಡುವೆ ಒಂದು ಮೇಜಿತ್ತು, ಅಷ್ಟೇ. ಅವನು ಸುತ್ತಿ ಬರುವಷ್ಟರಲ್ಲಿ ಅವಳು ಮೆಟ್ಟಿಲಿಳಿದಿದ್ದಳು. ಅಂದಿನಿಂದ ಮಧ್ಯಾಹ್ನದ ಫೋನು ನಿಂತಿತು.

ದೀಪಾವಳಿ ಕಳೆದ ಮೇಲೆ ಬಸವರಾಜು ಬಂದ. ಕೈಯಲ್ಲಿ ತನ್ನದೂ ರಾಜಮಣಿಯದೂ ಲಗ್ನಪತ್ರಿಕೆ. ತುಂಬ ಹೊತ್ತು ಗೋಡೆಯ ಫೋಟೋಗಳನ್ನು ನೋಡುತ್ತ ನಿಂತು ಹೇಳಿದ: "ನೀವು ಮನೆಗ್ ಬಂದಿದ್ದು ಊರಿಗೆಲ್ಲ ಗೊತ್ತಾಗೈತೆ. ಬೇರೆ ಫೋಟೋದೋರ್ನ ಕರುದ್ರೆ ಯಾಕೆ ಅಂತ ಮಾತಾಡ್ತಾರೆ, ಅವ್ಳ ಹೆಸ್ರು ಜನರ ಬಾಯಿಗೆ ಬೀಳ್ತದೆ. ನೀವೇ ಬಂದ್ರೆ ಎಲ್ಲಾ ಮುಚ್ಚೋಯ್ತದೆ. ಕೇಳೋಕೆ ನಂಗ್ ಮುಖ ಇಲ್ಲ. ಆದ್ರೂ ಕೇಳ್ತಾ ಇವ್ನಿ."

"ಅವರಿಗೆ ಗೊತ್ತಾ?"

"ಗೊತ್ತು. ಏನೂ ಅನ್ಲಿಲ್ಲ."

ಕಾಂತರಾಜು ಪತ್ರಿಕೆ ಇಸಿದುಕೊಂಡ. "ಬತ್ತೀನಿ," ಎಂದ.

ಬೆಟ್ಟದ ಕೆಳಗಿನ ಸಣ್ಣ ದೇವಸ್ಥಾನದಲ್ಲಿ ಮದುವೆ. ನಲವತ್ತು ಜನ, ಮೈಕಿಲ್ಲ, ಓಲಗವಿಲ್ಲ. ಬೆಳಗಿನ ಎಳೆಬಿಸಿಲು ಕಲ್ಲಿನ ಅಂಗಳದಲ್ಲಿ ಬಿದ್ದಿತ್ತು. ಕಾಂತರಾಜು ತಾಳಿ ಕಟ್ಟುವುದನ್ನು ತೆಗೆದ, ಅಕ್ಷತೆ ತೆಗೆದ, ಅಳುತ್ತ ನಗುತ್ತಿದ್ದ ಸಾಕಮ್ಮನನ್ನು ತೆಗೆದ. ಕೈ ಪಳಗಿತ್ತು; ತಾನಾಗಿ ಕೆಲಸ ಮಾಡುತ್ತಿತ್ತು. ಅಷ್ಟು ಹೊತ್ತೂ ರಾಜಮಣಿ ರೆಪ್ಪೆ ಎತ್ತಲಿಲ್ಲ.

ಕೊನೆಗೆ ಜೋಡಿ ಫೋಟೋ. ರಾಜಮಣಿ, ಬಸವರಾಜು, ನಡುವೆ ಚಿನ್ನು. ತಲೆ ತಗ್ಗಿಸಿಯೇ ನಿಂತಿದ್ದ ಸೊಸೆಯನ್ನು ನೋಡಿ ಸಾಕಮ್ಮ ಕೂಗಿದಳು: "ಕ್ಯಾಮೆರಾ ನೋಡವ್ವ! ನೆಲ ಯಾಕ್ ನೋಡ್ತೀಯ?"

"ಹೂಂ, ನೋಡು, ನೋಡು," ಎಂದರು ಸುತ್ತಲಿನ ಹೆಂಗಸರು.

ರಾಜಮಣಿ ನೋಡಿದಳು.

ನಲವತ್ತು ಜನರ ಎದುರು, ಎಲ್ಲರೂ ನೋಡು ಎಂದು ಹೇಳುತ್ತಿರುವಾಗ, ನೇರವಾಗಿ ನೋಡಿದಳು. ಹಣೆಯಲ್ಲಿ ಹೊಸ ಕುಂಕುಮ, ಕೆಳಗೆ ಆ ಎರಡು ಕಣ್ಣು. ಕಾಂತರಾಜುವಿನ ಬೆರಳು ಬಟನ್ನಿನ ಮೇಲೆ ಹಾಗೇ ನಿಂತಿತು.

"ಹೊಡೀರಿ ಸಾರ್," ಎಂದರು ಯಾರೋ.

ಕ್ಲಿಕ್. "ಇನ್ನೊಂದು," ಎಂದ ಕಾಂತರಾಜು.

ಕ್ಲಿಕ್. "ಇನ್ನೊಂದು."

ಅವಳು ನೋಡುತ್ತಲೇ ಇದ್ದಳು. ಕಣ್ಣಂಚು ಒದ್ದೆಯಾಗುತ್ತ ಬಂತು. ಬಸವರಾಜು ತನ್ನ ಚಪ್ಪಲಿ ಬಿಟ್ಟ ಕಡೆಗೆ ದೃಷ್ಟಿ ತಿರುಗಿಸಿದ. ಒಬ್ಬ ಮುದುಕಿ ಇನ್ನೊಬ್ಬಳ ಕಿವಿಗೆ ಬಗ್ಗಿದಳು.

"ಇನ್ನೊಂದೇ ಒಂದು," ಎಂದ ಕಾಂತರಾಜು. ಅವನ ದನಿ ಅವನಿಗೇ ಅಪರಿಚಿತವಾಗಿತ್ತು.

ರಾಜಮಣಿ ಮುದುಕಿಯರ ಕಡೆಗೊಮ್ಮೆ, ಮಗಳ ತಲೆಯ ಕಡೆಗೊಮ್ಮೆ ನೋಡಿದಳು. ಆಮೇಲೆ, ಎಲ್ಲರಿಗೂ ಕೇಳಿಸುವಂತೆ, ನಗುತ್ತಲೇ ಹೇಳಿದಳು:

"ಸಾಕು ಬುಡಿ, ಕಾಂತರಾಜಣ್ಣ."

ಮುದುಕಿಯರು ಸರಿಯಾಗಿ ಕೂತರು. ಸಾಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಣ್ಣ ಎಂದ ಮೇಲೆ ಊರಿಗೆ ಕೇಳುವುದು ಏನೂ ಉಳಿಯಲಿಲ್ಲ.

ಕಾಂತರಾಜು ಕ್ಯಾಮೆರಾವನ್ನು ಮುಖದಿಂದ ತಕ್ಷಣ ಇಳಿಸಲಿಲ್ಲ. ಇಳಿಸಿದಾಗ ಅವನೂ ನಕ್ಕ.

"ಆಯ್ತು ಕಣಮ್ಮ," ಎಂದ.